ಜಲ್ಲಿ ಸುರಿಯುವ ಪುಟ್ಟ ವ್ಯಾಗನ್: ನಮ್ಮೂರಿನ ಕಲ್ಲು ತುಂಬಿ ನೋಡಿದ ಮೇಲೆ

ಶಿವಮೊಗ್ಗದ ನಮ್ಮ ಮನೆಯ ಅಟ್ಟದಲ್ಲಿ ನಾಲ್ಕು ವರ್ಷಗಳಿಂದ ಆನಂದಪುರ ರೈಲು ನಿಲ್ದಾಣದ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಅಪ್ಪಯ್ಯ ತಾಳಗುಪ್ಪ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿ ದುಡಿದವರು. ಹಳಿಯ ಕೆಳಗಿನ ಜಲ್ಲಿಯನ್ನು ಸಲಿಕೆಯಿಂದ ಎಳೆದು ಸರಿಮಾಡುವುದರಲ್ಲೇ ಅವರ ಮೂವತ್ತು ವರ್ಷ ಕಳೆಯಿತು. ಹೀಗಾಗಿ ನನ್ನ ನಿಲ್ದಾಣಕ್ಕೆ ಪ್ರಯಾಣಿಕರ ಗಾಡಿಗಿಂತ ಮೊದಲು ಜಲ್ಲಿ ಗಾಡಿಯೇ ಬರಬೇಕೆಂಬ ಆಸೆಯಿತ್ತು. ತಳದ ಬಾಗಿಲು ನಿಜವಾಗಿಯೂ ತೆರೆಯುವ, ಎಚ್‌ಒ ಅಳತೆಯ ಹಾಪರ್ ವ್ಯಾಗನ್ ಎರಡನ್ನು ಹೊರದೇಶದಿಂದ ತರಿಸಿದೆ. ಸುಂಕವೂ ಸೇರಿ ಒಂದಕ್ಕೆ ಸುಮಾರು 5,500 ರೂಪಾಯಿ ಬಿತ್ತು. ಈ ಬಗೆಯ ವ್ಯಾಗನ್ನುಗಳನ್ನು ಹಲವು ಕಂಪನಿಗಳು ಮಾಡುವುದರಿಂದ, ಹೆಸರನ್ನು ಬಿಟ್ಟು ಅದು ಮಾಡುವ ಕೆಲಸವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಅಳತೆಯ ಮಾತು ಮೊದಲು. ಎಚ್‌ಒ ಎಂದರೆ ನಿಜದ ಗಾಡಿಯ 87ನೆಯ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ ಬರುವುದು 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್, ಅಂದರೆ ಬೆಂಗಳೂರಿನ ಮೆಟ್ರೊ ಓಡುವ ಅಗಲ. ನಮ್ಮ ತಾಳಗುಪ್ಪ ಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು, ಈಗ 1,676 ಮಿಲಿಮೀಟರಿನ ಬ್ರಾಡ್ ಗೇಜ್. ಎರಡಕ್ಕೂ ಇದು ಹೊಂದುವುದಿಲ್ಲ. ಬ್ರಾಡ್ ಗೇಜನ್ನು ಸರಿಯಾಗಿ ತೋರಿಸಬೇಕಾದರೆ ಹಳಿಯ ಅಂತರ 19 ಮಿಲಿಮೀಟರಿಗಿಂತ ತುಸು ಹೆಚ್ಚಿರಬೇಕು. ಎದುರಿನಿಂದ ನೋಡಿದಾಗ ವ್ಯಾಗನ್ ಕಾಲು ಕೂಡಿಸಿ ನಿಂತಂತೆ ಕಾಣುವುದು ನನ್ನ ಕಣ್ಣಿಗೆ ಇಂದಿಗೂ ಚುಚ್ಚುತ್ತದೆ. ಪಕ್ಕದಿಂದ ನೋಡುವಾಗ ಈ ಕೊರತೆ ತಿಳಿಯುವುದಿಲ್ಲ. ಬೆರಳು ಮಡಿಸಿ ಹಿಡಿದಂತಿರುವ ಕೊಂಡಿ ಮಾತ್ರ ನಮ್ಮ ರೈಲ್ವೆಯಲ್ಲಿ ಕಲ್ಲಿದ್ದಲು ಹೊರುವ, ಮೇಲೆ ಮುಚ್ಚಳವಿಲ್ಲದ ಬಾಕ್ಸ್‌ಎನ್ ವ್ಯಾಗನ್ನುಗಳ ಕೊಂಡಿಗೆ ಬಹಳ ಹತ್ತಿರವಾಗಿದೆ.

ವ್ಯಾಗನ್ನಿನ ಜೊತೆ ಜಲ್ಲಿಯ ರಾಶಿಯಂತೆ ಅಚ್ಚು ಹೊಯ್ದ ಪ್ಲಾಸ್ಟಿಕ್ ತುಂಡೊಂದನ್ನು ಕೊಟ್ಟಿರುತ್ತಾರೆ. ಅದನ್ನಿಟ್ಟು ಓಡಿಸಿದರೆ ಈ ವ್ಯಾಗನ್ ಒಂದು ಬೊಂಬೆ, ಅಷ್ಟೇ. ಬಾಗಿಲು ತೆರೆಯುವ ವ್ಯಾಗನ್ನಿಗೆ ಕಲ್ಲನ್ನೇ ತುಂಬಿ ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ರೈಲ್ವೆಯ ಜಲ್ಲಿ 65 ಮಿಲಿಮೀಟರಿನಿಂದ 20 ಮಿಲಿಮೀಟರಿನವರೆಗಿನ ಗಾತ್ರದ್ದು. ಎಚ್‌ಒ ಅಳತೆಗೆ ಇಳಿಸಿದರೆ ಮುಕ್ಕಾಲು ಮಿಲಿಮೀಟರಿನಿಂದ ಕಾಲು ಮಿಲಿಮೀಟರಿನವರೆಗೆ, ಅಂದರೆ ದೊಡ್ಡ ಕಾಳು ಬನ್ಸಿ ರವೆಯಷ್ಟು, ಸಣ್ಣದು ಚಿರೋಟಿ ರವೆಯಷ್ಟು. ಪಕ್ಕದ ಮನೆ ಕಟ್ಟುವಾಗ ಉಳಿದಿದ್ದ ಕ್ರಷರ್ ಪುಡಿಯನ್ನು ಕೇಳಿ ತಂದು, ಅಡುಗೆಮನೆಯ ಎರಡು ಹಳೆಯ ಜರಡಿಗಳಲ್ಲಿ ಸೋಸಿ, ನಾಲ್ಕು ನೀರಿನಲ್ಲಿ ತೊಳೆದು ಒಣಗಿಸಿದೆ. ತೊಳೆಯದಿದ್ದರೆ ಬೂದಿಯಂಥ ನಯವಾದ ಧೂಳು ಉಳಿದು ಚಕ್ರದ ಬುಡಕ್ಕೆ ಸೇರುತ್ತದೆ. ಇನ್ನೊಂದು ಕೆಲಸವನ್ನೂ ಮರೆಯಬಾರದು: ಕಾಗದ ಸುತ್ತಿದ ಅಯಸ್ಕಾಂತವನ್ನು ಪುಡಿಯ ಮೇಲೆ ಆಡಿಸಬೇಕು. ಮೊದಲ ಸಲ ಆಡಿಸಿದಾಗ ಕಾಗದದ ತುದಿಗೆ ಕಪ್ಪು ಕಾಳುಗಳು ಮೀಸೆಯಂತೆ ಎದ್ದು ನಿಂತವು. ಕಬ್ಬಿಣದ ಅಂಶವಿರುವ ಆ ಕಾಳುಗಳು ಹಳಿಯ ಮೇಲೆ ಉಳಿದರೆ ಇಂಜಿನ್ನಿನ ಮೋಟಾರು ಅವನ್ನು ಒಳಗೆ ಎಳೆದುಕೊಂಡು ಕೆಡುತ್ತದೆ.

ಒಂದು ವ್ಯಾಗನ್ನಿಗೆ ಹಿಡಿದ ಕಲ್ಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 80 ಗ್ರಾಂ ಬಂತು. ಬಾಕ್ಸ್‌ಎನ್ ವ್ಯಾಗನ್ ಹೊರುವ ಭಾರ ಸುಮಾರು 58 ಟನ್. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗುವುದರಿಂದ ಅದನ್ನು 87ರ ಘನದಿಂದ ಭಾಗಿಸಿದರೆ 88 ಗ್ರಾಂ ಆಗುತ್ತದೆ. ನಿಜದ ಭಾರಕ್ಕೆ ಇಷ್ಟು ಹತ್ತಿರ ಬಂದದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಭಾರ ತುಂಬಿದ ಮೇಲೆ ವ್ಯಾಗನ್ನಿನ ನಡಿಗೆಯೇ ಬೇರೆ: ಖಾಲಿಯಿದ್ದಾಗ ಹಳಿಯ ಜೋಡಣೆಗಳಲ್ಲಿ ಕುಪ್ಪಳಿಸುತ್ತಿದ್ದದ್ದು ಈಗ ಒತ್ತಿಕೊಂಡು ಸಾಗುತ್ತದೆ, ಲೋಹದ ಚಕ್ರಗಳ ಸದ್ದೂ ಗಟ್ಟಿಯಾಗುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿರುವಂತೆ 50ಕ್ಕೆ 1ರ ಏರು, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಏರುವ ಹಲಗೆಯೊಂದನ್ನು ಇಟ್ಟು ನೋಡಿದೆ. ತುಂಬಿದ ಎರಡೂ ವ್ಯಾಗನ್ನುಗಳನ್ನು ನನ್ನ ಚಿಕ್ಕ ಡೀಸೆಲ್ ಇಂಜಿನ್ ತಡವರಿಸದೆ ಎಳೆಯಿತು, ಕೊಂಡಿ ಒಮ್ಮೆಯೂ ಬಿಡಲಿಲ್ಲ.

ಇನ್ನು ಬಾಗಿಲಿನ ವಿಷಯ. ತಳದಲ್ಲಿ ನಾಲ್ಕು ಬಾಗಿಲುಗಳಿವೆ. ಎರಡು ಬಾಗಿಲು ಹಳಿಗಳ ನಡುವೆ, ಇನ್ನೆರಡು ಹೊರಬದಿಗೆ ಸುರಿಯುತ್ತವೆ. ಪ್ರತಿಯೊಂದನ್ನೂ ಉಗುರಿನಿಂದ ತಳ್ಳುವ ಕಿರುಗೋಲಿನಿಂದ ಬೇರೆ ಬೇರೆಯಾಗಿ ತೆರೆಯಬಹುದು. ನಾನು ಮೊದಲ ದಿನ ಗಾಡಿಯನ್ನು ನಿಲ್ಲಿಸಿ ಬಾಗಿಲನ್ನು ಪೂರ್ತಿ ಎಳೆದುಬಿಟ್ಟೆ. ಕಲ್ಲೆಲ್ಲ ಒಂದೇ ಕಡೆ ಗುಡ್ಡೆಯಾಗಿ ಹಳಿ ಮುಚ್ಚಿತು, ಚಕ್ರ ಅದರ ಮೇಲೆ ಹತ್ತಿ ವ್ಯಾಗನ್ ಹಳಿ ತಪ್ಪಿತು. ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅಪ್ಪಯ್ಯ, "ಪೂರ್ತಿ ತೆಗೀಬೇಡ ಮಾರಾಯ, ಗಾಡಿ ನಡೀತಾ ಇರ್ಬೇಕು, ಕಲ್ಲು ಇಳೀತಾ ಇರ್ಬೇಕು" ಎಂದರು. ಮನುಷ್ಯ ನಡೆಯುವ ವೇಗದಲ್ಲಿ ಗಾಡಿಯನ್ನು ಬಿಟ್ಟು, ಬಾಗಿಲನ್ನು ಅರ್ಧ ತೆರೆದಾಗ ಸ್ಲೀಪರುಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ, ನಡುವೆ ಕಲ್ಲು ಸಮನಾಗಿ ಕುಳಿತದ್ದನ್ನು ಅವರೇ ಬಗ್ಗಿ ಬೆರಳಿನಿಂದ ಸವರಿ ನೋಡಿದರು.

ಆದರೆ ಈ ವ್ಯಾಗನ್ನಿನ ದೊಡ್ಡ ಕುಂದು ಇರುವುದೂ ಅಲ್ಲಿಯೇ. ಒಳಗಿನ ಇಳಿಜಾರು ಸಾಲದು. ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ. ಒಂದರ ಮೂಲೆ ಇನ್ನೊಂದಕ್ಕೆ ಕಚ್ಚಿಕೊಳ್ಳುವುದರಿಂದಲೇ ಜಲ್ಲಿ ಹಳಿಯನ್ನು ಅಲುಗದಂತೆ ಹಿಡಿಯುತ್ತದೆ, ಹೊಳೆಯ ದುಂಡು ಕಲ್ಲಿಗೆ ಆ ಗುಣವಿಲ್ಲ. ಅದೇ ಗುಣ ಇಲ್ಲಿ ಬಾಗಿಲ ಬಾಯಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ. ಹೊರಬದಿಯ ಬಾಗಿಲುಗಳಲ್ಲಿ ಕೊನೆಯ ಕಾಲು ಭಾಗ ಕಲ್ಲು ಇಳಿಯುವುದೇ ಇಲ್ಲ, ಮೇಲಿನಿಂದ ಕಡ್ಡಿಯಿಂದ ಕೆದಕಬೇಕು. ಆಷಾಢದ ಜಿಟಿಜಿಟಿ ಮಳೆಯಲ್ಲಂತೂ ಕಲ್ಲು ತೇವ ಹೀರಿ ಮುದ್ದೆಯಾಗುತ್ತದೆ. ಆಗ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ ತುಂಬುವುದೊಂದೇ ದಾರಿ. ಜೊತೆಗೆ ಎರಡನೆಯ ವ್ಯಾಗನ್ನಿನ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಆ ಸಂದಿನಿಂದ ಸಣ್ಣ ಕಾಳು ಸೋರಿ, ಹಳಿ ಕವಲೊಡೆಯುವ ಕಡೆ ಸಿಕ್ಕಿಕೊಂಡು ನನ್ನ ಒಂದು ಭಾನುವಾರವನ್ನೇ ತಿಂದಿತು. ಮಾರಿದವರಿಗೆ ಚಿತ್ರ ಸಮೇತ ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲ, ಇದಕ್ಕೆ ನನಗೆ ನಿಜಕ್ಕೂ ಬೇಸರವಿದೆ. ಕೊನೆಗೆ ಬಾಗಿಲಿನ ಅಂಚನ್ನು ಅರದಿಂದ ಉಜ್ಜಿ, ಒಳಗಿನ ಇಳಿಜಾರಿಗೆ ತೆಳುವಾದ ನುಣುಪು ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮೇಲೆ ತಕ್ಕಮಟ್ಟಿಗೆ ಸುಧಾರಿಸಿತು.

ಅಲಂಕಾರಕ್ಕೆ ಇಡುವವರು ಇಷ್ಟು ಹಣ ಕೊಡುವುದು ಬೇಡ. ಬಾಗಿಲಿಲ್ಲದ ವ್ಯಾಗನ್ ಇದರ ಅರ್ಧ ಬೆಲೆಗೆ ಸಿಗುತ್ತದೆ. ತಮ್ಮ ಹಳಿಗೆ ತಾವೇ ಜಲ್ಲಿ ಹಾಸಬೇಕೆನ್ನುವವರು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ಚಕ್ರ ಲೋಹದ್ದೇ ಎಂಬುದನ್ನು ಕೇಳಿ ತಿಳಿಯಿರಿ, ಬಂದ ದಿನವೇ ನಾಲ್ಕೂ ಬಾಗಿಲುಗಳನ್ನು ಬೆಳಕಿಗೆ ಹಿಡಿದು ಸಂದು ನೋಡಿ. ಹಾಸಿದ ಕಲ್ಲನ್ನು ನೀರು ಬೆರೆಸಿದ ಫೆವಿಕಾಲ್‌ನಿಂದ ಕೂರಿಸುವ ಕೆಲಸವನ್ನು ಮಾತ್ರ ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ನನ್ನ ಆನಂದಪುರದ ಎರಡನೆಯ ಹಳಿಗೆ ಇನ್ನೂ ಒಂದೂವರೆ ಮೀಟರ್ ಜಲ್ಲಿ ಬೀಳಬೇಕಾಗಿದೆ. ದೀಪಾವಳಿ ಕಳೆದು ಬಿಸಿಲು ಕಾಣಿಸಿದ ಮೇಲೆ ಅಪ್ಪಯ್ಯನೇ ಬಾಗಿಲು ತೆರೆಯುತ್ತೇನೆಂದು ಹೇಳಿದ್ದಾರೆ.