ಬೇಡದೇ ಬಂದ ಬೆರಕೆ ಹಾವಿನ ಮೊಟ್ಟೆಗೆ ಎಸ್‌ಟಿಸಿ-1000 ಥರ್ಮೋಸ್ಟಾಟ್ ಸಾಕಾ?

ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಕಾವನ್ನು ಹದದಲ್ಲಿಡುವ ಈ ಡಬ್ಬಿ, ಕಾರ್ನ್ ಸ್ನೇಕ್ ಮತ್ತು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಕೂಡಿ ಬಿದ್ದ ಮೊಟ್ಟೆಗೆ ಚೆನ್ನಾಗಿಯೇ ಕಾವು ಕೊಡುತ್ತದೆ. ಎರಡೂ ಜಾತಿಗೆ 27ರಿಂದ 29 ಡಿಗ್ರಿ ಹಿಡಿಸುವುದರಿಂದ ಬೆರಕೆ ಮೊಟ್ಟೆಗೆ ಬೇರೆ ಲೆಕ್ಕ ಬೇಕಿಲ್ಲ. ಆದರೆ ಅಂಗಡಿಗೆ ಹೊರಡುವ ಮುಂಚೆ ಮರಿ ಮಾಡಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿ. ಒಂದು ಸಲಕ್ಕೆ ಹತ್ತಿಪ್ಪತ್ತು ಮೊಟ್ಟೆ ಬರುವುದು ಮಾಮೂಲು. ಕಿಂಗ್‌ಸ್ನೇಕ್ ಹಾವನ್ನೇ ತಿನ್ನುವ ಜಾತಿ, ಹಾಗಾಗಿ ಅದರ ರಕ್ತವಿರುವ ಮರಿಗಳನ್ನು ಒಟ್ಟಿಗೆ ಬಿಡುವಂತಿಲ್ಲ. ಮರಿಗೊಂದು ಡಬ್ಬ, ಮರಿಗೊಂದು ನೀರಿನ ಬಟ್ಟಲು, ಹದಿನೈದು ವರ್ಷಕ್ಕೂ ಮೀರಿದ ಜವಾಬ್ದಾರಿ. ಅಷ್ಟೂ ಮರಿಗಳಿಗೆ ಮನೆ ಗೊತ್ತಾಗಿಲ್ಲ ಅಂದರೆ ಮೊಟ್ಟೆ ಕಂಡ ದಿನವೇ ಜಿಪ್ ಕವರಿಗೆ ಹಾಕಿ ಫ್ರೀಜರಿಗೆ ಇಡಿ, ಎರಡು ದಿನ ಹೊರಗೆ ತೆಗೆಯಬೇಡಿ. ತಡಮಾಡಿದಷ್ಟೂ ಒಳಗಿನ ಜೀವ ಬೆಳೆಯುತ್ತದೆ. ಒಡೆದು ಹೊರಬಂದ ಮರಿಗೆ ಫ್ರೀಜರ್ ಖಂಡಿತ ಕೂಡದು, ಅದು ಹಿಂಸೆ. ಆಗ ಹಾವು ನೋಡುವ ಪಶುವೈದ್ಯರ ಹತ್ತಿರ ಹೋಗಬೇಕು.

"ಗಂಡನ್ನು ಬೇರೆ ಮಾಡಿ ತಿಂಗಳುಗಳಾದವು, ಮೊಟ್ಟೆ ಹೇಗೆ ಬಂತು" ಅನ್ನುವವರಿಗೆ: ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಒಂದೇ ಕೂಡುವಿಕೆಯಿಂದ ಎರಡನೇ ಸಲ ಮೊಟ್ಟೆ ಬರುವುದೂ ಉಂಟು. ಹಾಗಾಗಿ ಈ ಸಲದ ಮೊಟ್ಟೆ ಮುಗಿಯಿತೆಂದು ಫ್ರೀಜರಿನಲ್ಲಿ ಕಾದಿಟ್ಟ ಜಾಗವನ್ನು ಬಿಟ್ಟುಕೊಡಬೇಡಿ.

ಇನ್ನು ಸಾಧನದ ವಿಷಯ. ಕೊಳ್ಳುವಾಗ ಮೊದಲು ಹಿಂದಿನ ಸ್ಟಿಕ್ಕರ್ ಓದಿ. ನೋಡಲು ಒಂದೇ ತರಹ ಇರುವ 12 ವೋಲ್ಟ್ ಮತ್ತು 110 ವೋಲ್ಟ್ ಮಾದರಿಗಳೂ ಇವೆ, ನಮಗೆ ಬೇಕಾದ್ದು 220 ವೋಲ್ಟಿನದು. ಹಿಂಬದಿಯಲ್ಲಿ ಎಂಟು ಸ್ಕ್ರೂ: 1, 2ಕ್ಕೆ ಕರೆಂಟು, 3, 4ಕ್ಕೆ ಸೆನ್ಸರ್, 5, 6 ಬಿಸಿಗೆ, 7, 8 ತಂಪಿಗೆ. ಹೊಸಬರು ಎಡವುವುದು 5, 6ರಲ್ಲಿ. ಅಲ್ಲಿಂದ ಕರೆಂಟು ಹೊರಬರುವುದಿಲ್ಲ, ಅದು ಬರೀ ಸ್ವಿಚ್ಚು. ಹೀಟ್ ಮ್ಯಾಟಿನ (ಬಿಸಿ ಕೊಡುವ ಚಾಪೆಯ) ವೈರನ್ನು ನೇರ ಅಲ್ಲಿಗೆ ಸಿಕ್ಕಿಸಿದರೆ ದೀಪ ಹತ್ತುತ್ತದೆ, ಮ್ಯಾಟ್ ಬಿಸಿಯಾಗುವುದಿಲ್ಲ. 1ರಿಂದ ಫೇಸನ್ನು 5ಕ್ಕೆ ಲೂಪ್ ಹಾಕಿ, 6ರಿಂದ ಮ್ಯಾಟಿಗೆ ಕೊಟ್ಟು, ಮ್ಯಾಟಿನ ಇನ್ನೊಂದು ವೈರನ್ನು ನ್ಯೂಟ್ರಲ್ಲಿಗೆ ಸೇರಿಸಬೇಕು. ಸ್ಕ್ರೂಗಳು ಬಿಚ್ಚಿಟ್ಟಂತೆ ಇರುವುದರಿಂದ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನಲ್ಲಿ 71 × 29 ಮಿ.ಮೀ. ಕಿಂಡಿ ಕೊರೆದು ಕೂರಿಸಿ. ವೈರಿಂಗ್ ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕೈಲಿ ಮಾಡಿಸಿ.

ಎಸ್ ಬಟನ್ ಮೂರು ಸೆಕೆಂಡ್ ಒತ್ತಿದರೆ ಸೆಟ್ಟಿಂಗು ತೆರೆಯುತ್ತದೆ. ಎಫ್1 (ಬೇಕಾದ ಕಾವು) 28.0, ಎಫ್2 (ಆನ್, ಆಫ್ ನಡುವಿನ ಅಂತರ) 0.5. ಅಂದರೆ 27.5ಕ್ಕೆ ಆನ್, 28ಕ್ಕೆ ಆಫ್. ಎಫ್3 ಕಂಪ್ರೆಸರಿನದು, ನಮಗೆ ಸಂಬಂಧವಿಲ್ಲ. ಮುಖ್ಯವಾದದ್ದು ತೋರಿಕೆಯ ತಪ್ಪನ್ನು ಸರಿಪಡಿಸುವ ಎಫ್4. ಪರದೆ 0.1 ಡಿಗ್ರಿಯವರೆಗೆ ತೋರಿಸಿದರೂ ಒಂದು ಡಿಗ್ರಿ ಆಚೀಚೆ ಇರುವುದು ಸಹಜ. ಪುಡಿ ಐಸ್ ತುಂಬಿದ ನೀರಿನಲ್ಲಿ ಸೆನ್ಸರ್ ಇಟ್ಟು ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ, ಸೊನ್ನೆ ಬರಬೇಕು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಪಕ್ಕ ಇಟ್ಟು ತಾಳೆ ನೋಡಿ, ವ್ಯತ್ಯಾಸವನ್ನು ಎಫ್4ನಲ್ಲಿ ಸರಿಪಡಿಸಿ. ಮೊಟ್ಟೆ 32 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಮರಿಯ ಬೆನ್ನೆಲುಬು ಸೊಟ್ಟಗಾಗಬಹುದು. ಸ್ವಲ್ಪ ಕಮ್ಮಿಯಾದರೆ ಮರಿ ತಡವಾಗಿ ಬರುತ್ತದೆ ಅಷ್ಟೆ.

ಇದರ ನಿಜವಾದ ಅಪಾಯ ಸೆನ್ಸರ್ ಜಾರುವುದು. ಮೊಟ್ಟೆಯ ಪಕ್ಕದಿಂದ ಎಳೆದು ಹೊರಬಿದ್ದರೆ ಅದಕ್ಕೆ ಕಾಣುವುದು ಕೋಣೆಯ ತಂಪು, ಹೀಟರ್ ನಿಲ್ಲುವುದೇ ಇಲ್ಲ. ಸೆನ್ಸರಿನ ವೈರನ್ನು ಮೊಟ್ಟೆಯ ಡಬ್ಬಿಗೆ ಕೇಬಲ್ ಟೈ ಹಾಕಿ ಬಿಗಿಯಿರಿ. ಒಳಗಿನ ರಿಲೇ (ಹೀಟರನ್ನು ಆನ್-ಆಫ್ ಮಾಡುವ ಸ್ವಿಚ್ಚು) ಅಂಟಿಕೊಂಡು ಆನ್ ಆಗಿಯೇ ಉಳಿಯುವುದೂ ಉಂಟು, ಅದಕ್ಕೆ ಅದೇ ರಸ್ತೆಯಲ್ಲಿ ಸಿಗುವ 40 ಡಿಗ್ರಿಯ ಕೆಎಸ್‌ಡಿ-301 ಥರ್ಮಲ್ ಸ್ವಿಚ್ಚನ್ನು ಮ್ಯಾಟಿಗೆ ಒತ್ತಿ ಸರಣಿಯಲ್ಲಿ ಹಾಕಿ. ಸಾಮಾನ್ಯವಾಗಿ ಮುಚ್ಚಿರುವ, ಅಂದರೆ ಬಿಸಿ ಏರಿದಾಗ ಮಾತ್ರ ಕರೆಂಟು ಕಡಿಯುವ ಬಗೆಯದೇ ಬೇಕು. ಮ್ಯಾಟ್ 15–20 ವಾಟ್ ಸಾಕು. ದೊಡ್ಡ ಹೀಟರ್ ಹಾಕಿದರೆ ತಪ್ಪು ನಡೆದಾಗ ಸಮಯ ಸಿಗುವುದಿಲ್ಲ.

ಮೊಟ್ಟೆಯ ಡಬ್ಬಿ ಕೂರಿಸುವ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಎರಡು ಲೀಟರ್ ಬಾಟಲಿ ನೀರು ಇಡಿ, ಕರೆಂಟು ಹೋದಾಗ ಕಾವು ನಿಧಾನವಾಗಿ ಇಳಿಯುತ್ತದೆ. ಕರೆಂಟು ಬಂದ ಮೇಲೆ ಸೆಟ್ಟಿಂಗು ಹಾಗೇ ಉಳಿದಿರುತ್ತದೆ, ಇದು ಈ ಸಾಧನದ ದೊಡ್ಡ ಗುಣ. ಬೆಂಗಳೂರಿನ ಮಳೆಗಾಲ, ಚಳಿಗಾಲಕ್ಕೆ ಬಿಸಿಯ ಭಾಗವೊಂದೇ ಸಾಕು. ಏಪ್ರಿಲ್‌ನಲ್ಲಿ ಮೇಲ್ಮಹಡಿಯ ಕೋಣೆಯೇ 32 ಮುಟ್ಟಿದರೆ ಯಾವ ಹೀಟರ್ ಥರ್ಮೋಸ್ಟಾಟೂ ಏನೂ ಮಾಡಲಾರದು. ಪೆಟ್ಟಿಗೆಯನ್ನು ಕೆಳಮಹಡಿಯ ಒಳಕೋಣೆಗೆ ಸಾಗಿಸಿ.

ಮೊಟ್ಟೆಯ ಡಬ್ಬಿಗೆ ನರ್ಸರಿಯ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜ) ತಂದು ತೂಕಕ್ಕೆ ತೂಕ ನೀರು ಬೆರೆಸಿ: 200 ಗ್ರಾಮಿಗೆ 200 ಗ್ರಾಂ. ಹಿಂಡಿದರೆ ನೀರು ಸುರಿಯಬಾರದು. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎತ್ತಿಡುವಾಗ ಅದು ಮೇಲೆಯೇ ಇರಲಿ. ಹೊರಳಿಸಿದರೆ ಭ್ರೂಣ ಸಾಯಬಹುದು. ಒಂದು ವಾರ ಕಳೆದ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದರೆ ಗುಲಾಬಿ ಬಣ್ಣದೊಳಗೆ ಕೆಂಪು ನರಗಳ ಬಲೆ ಕಾಣಬೇಕು. ಹಳದಿಯಾಗಿ ನರವೇ ಇಲ್ಲದ್ದು ಪೊಳ್ಳು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಬದಲಿಸಿ. ನಡುವೆ ಮೊಟ್ಟೆ ಗುಳಿ ಬಿದ್ದರೆ ತೇವ ಕಮ್ಮಿ ಎಂದರ್ಥ, ಕೊನೆಯ ಎರಡು ವಾರದ ಗುಳಿ ಸಹಜ. 28 ಡಿಗ್ರಿಯಲ್ಲಿ ಮರಿ ಎರಡು ತಿಂಗಳಿನ ಆಸುಪಾಸಿನಲ್ಲಿ ಬರುತ್ತದೆ.

ಮರಿಯ ಡಬ್ಬಿಯ ಮೇಲೆ ಅಪ್ಪ, ಅಮ್ಮ ಎರಡೂ ಜಾತಿಯನ್ನು ಬರೆದೇ ಕೊಡಿ. ಈ ಬೆರಕೆ ಮರಿಗಳು ಬಂಜೆಯಲ್ಲ. ಕೆಲವು ನೋಡಲು ಪೂರಾ ಕಾರ್ನ್ ಸ್ನೇಕಿನಂತೆಯೇ ಇರುತ್ತವೆ. ಹೆಸರಿಲ್ಲದೆ ಕೈಬದಲಾದರೆ ಮುಂದಿನ ತಲೆಮಾರುಗಳ ವಂಶವೇ ಕಲಸಿಹೋಗುತ್ತದೆ. ತುರಹಳ್ಳಿಯ ಕಾಡಿನಲ್ಲೋ ಬನ್ನೇರುಘಟ್ಟದ ಕಡೆಯೋ ಬಿಟ್ಟುಬರುವ ಯೋಚನೆ ಬೇಡ: ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ನೆಲೆಯೂರಿದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಅಲ್ಲಿಯ ಹಲ್ಲಿಗಳನ್ನು ಮುಕ್ಕುತ್ತಿದೆ. ಬೇರೆ ಸಾಕುಹಾವುಗಳ ಪೈಕಿ ಬಾಲ್ ಪೈಥಾನ್, ಬೋವಾ ಸೈಟೀಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. 2024ರ ನಿಯಮಗಳಡಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಲೇಬೇಕು, ಅವುಗಳ ಮರಿಗೂ ಸೇರಿ.

ಮೊಟ್ಟೆ ಕೆಲಸ ಮುಗಿದ ಮೇಲೆ ಎಫ್1 ಬದಲಿಸಿ ಇದನ್ನೇ ದೊಡ್ಡ ಹಾವಿನ ಬಿಸಿ ಮೂಲೆಗೆ ಹಾಕಬಹುದು: ಕಾರ್ನ್ ಸ್ನೇಕಿಗೆ 30, ಬಾಲ್ ಪೈಥಾನಿಗೆ 32. ಹಾಕುವ ಮುಂಚೆ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಎಫ್4 ಇನ್ನೊಮ್ಮೆ ತಾಳೆ ನೋಡಿ.