ಸಂವಿಧಾನ ಮತ್ತು ಪೌರತ್ವ: ಹನ್ನೆರಡು ಪಾಠಗಳ ಒಂದು ಆನ್‌ಲೈನ್ ಕೋರ್ಸ್‌ನ ವಿಮರ್ಶೆ

ಸಂವಿಧಾನಬದ್ಧ ಸರ್ಕಾರದ ಮೂಲತತ್ತ್ವಗಳನ್ನೂ ಪೌರತ್ವದ ಸ್ವರೂಪವನ್ನೂ ಕಾನೂನು ಓದದವರಿಗೆ ತಿಳಿಸಿಕೊಡುವ ಹನ್ನೆರಡು ವಿಡಿಯೊ ಪಾಠಗಳ ಆನ್‌ಲೈನ್ ಕೋರ್ಸೊಂದನ್ನು ಇತ್ತೀಚೆಗೆ ಮುಗಿಸಿದೆ. ಮೊದಲ ಎಂಟು ಪಾಠಗಳು ಸರ್ಕಾರದ ಕುರಿತು, ಮುಂದಿನ ಮೂರು ಪೌರತ್ವದ ಕುರಿತು, ಕೊನೆಯದು ಪುನರಾವಲೋಕನ. ಪ್ರತಿ ಪಾಠದ ಕೊನೆಗೂ ಹತ್ತು ಪ್ರಶ್ನೆಗಳ ಕಿರುಪರೀಕ್ಷೆ ಇದೆ. ಮೊದಲ ಭಾಗವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಎರಡನೆಯ ಭಾಗದಲ್ಲಿ ಒಂದು ಗಂಭೀರವಾದ ತಪ್ಪಿದೆ. ಈ ವಿಮರ್ಶೆ ಬರೆಯಲು ಅದೇ ಮುಖ್ಯ ಕಾರಣ.

ಸಂವಿಧಾನವೆಂಬ ಗ್ರಂಥವೊಂದು ಇದ್ದ ಮಾತ್ರಕ್ಕೆ ಸರ್ಕಾರ ಸಂವಿಧಾನಬದ್ಧವಾಗುತ್ತದೆಯೇ ಎಂಬ ಪ್ರಶ್ನೆಯಿಂದ ಕೋರ್ಸ್ ಆರಂಭವಾಗುತ್ತದೆ. ಸೋವಿಯತ್ ಒಕ್ಕೂಟದ 1936ರ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಮೂರೂ ಬರೆದಿದ್ದವು. ಆದರೂ ಅದರ ಮರುವರ್ಷವೇ ಅಲ್ಲಿ ಲಕ್ಷಾಂತರ ಜನರನ್ನು ಬಂಧಿಸಿ ಕೊಲ್ಲಲಾಯಿತು. ಬ್ರಿಟನ್ನಿನಲ್ಲಿ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನ ಇಂದಿಗೂ ಇಲ್ಲ; ಆದರೂ ಅಲ್ಲಿನ ಸರ್ಕಾರ ಸಂಸತ್ತಿನ ವಿಶ್ವಾಸ ಕಳೆದುಕೊಂಡರೆ ಉಳಿಯದು. ಅಧಿಕಾರವನ್ನು ತಡೆದು ಲೆಕ್ಕ ಕೇಳುವ ಸಂಸ್ಥೆಗಳು ಜೀವಂತವಾಗಿವೆಯೇ ಎಂಬುದೇ ನಿಜವಾದ ಪರೀಕ್ಷೆ ಎಂದು ಈ ಎರಡು ಉದಾಹರಣೆಗಳಿಂದಲೇ ಅಧ್ಯಾಪಕರು ಮನಗಾಣಿಸುತ್ತಾರೆ.

ನ್ಯಾಯಾಂಗದ ಪುನರ್ವಿಮರ್ಶೆಯ ಪಾಠ ಇಡೀ ಕೋರ್ಸ್‌ನಲ್ಲೇ ಶ್ರೇಷ್ಠವಾದುದು. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನ, ಶಾಸನವನ್ನು ರದ್ದುಪಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. 1803ರ ಮಾರ್ಬರಿ ಪ್ರಕರಣದಲ್ಲಿ ನ್ಯಾಯಾಲಯವೇ ಅದನ್ನು ಸಂವಿಧಾನದ ತರ್ಕದಿಂದ ಕಂಡುಕೊಂಡಿತು. ಭಾರತದ ಸಂವಿಧಾನ, ಮೂಲಭೂತ ಹಕ್ಕುಗಳನ್ನು ಕಸಿಯುವ ಕಾನೂನು ಅಷ್ಟರಮಟ್ಟಿಗೆ ಅಸಿಂಧು ಎಂದು 13ನೇ ವಿಧಿಯಲ್ಲಿ ಬರೆದೇ ಇಟ್ಟಿತು. ಹಾಗಾದರೆ ಸಂವಿಧಾನವನ್ನೇ ತಿದ್ದಹೊರಟವರನ್ನು ತಡೆಯುವವರು ಯಾರು? ಜರ್ಮನಿ 1949ರ ತನ್ನ ಮೂಲಕಾನೂನಿನಲ್ಲೇ ಕೆಲವು ತತ್ತ್ವಗಳನ್ನು ತಿದ್ದುಪಡಿಗೆ ನಿಲುಕದಂತೆ ಇರಿಸಿತು. ಭಾರತದಲ್ಲಿ ಆ ಮಿತಿಯನ್ನು ಗುರುತಿಸಿದ್ದು 1973ರ ಕೇಶವಾನಂದ ಭಾರತಿ ತೀರ್ಪು; 13 ನ್ಯಾಯಮೂರ್ತಿಗಳ ಪೀಠದಲ್ಲಿ 7–6ರ ಬಹುಮತದಿಂದ. ಇಷ್ಟು ದೊಡ್ಡ ರಕ್ಷಣೆ ಒಂದೇ ಮತದ ಅಂತರದಲ್ಲಿ ನಿಂತಿತೆಂಬುದನ್ನು ಕೇಳಿದಾಗ ವಿಡಿಯೊ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಕ್ಕೂಟ ವ್ಯವಸ್ಥೆ, ಶಾಸನ ರಚನೆಯ ಪಾಠಗಳು ಸರಿಯಾಗಿವೆ, ಸಾಧಾರಣವಾಗಿವೆ.

ಪೌರತ್ವದ ಭಾಗವೂ ಚೆನ್ನಾಗಿಯೇ ತೊಡಗುತ್ತದೆ. ಹುಟ್ಟಿದ ನೆಲದಿಂದ ಬರುವ ಪೌರತ್ವ, ತಂದೆತಾಯಿಯಿಂದ ಬರುವ ಪೌರತ್ವ ಎಂಬ ಎರಡು ಬೇರುಗಳನ್ನು ವಿವರಿಸಿ, ಒಂದೇ ದೇಶ ಕಾಲಕ್ರಮದಲ್ಲಿ ಒಂದರಿಂದ ಇನ್ನೊಂದರತ್ತ ಸರಿಯಬಲ್ಲದು ಎಂದು ತೋರಿಸಲು ಭಾರತದ 1955ರ ಪೌರತ್ವ ಕಾಯ್ದೆಯನ್ನು ಬಳಸಲಾಗಿದೆ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರಿಗೆ, ಕೆಲವು ಅಪವಾದಗಳನ್ನು ಬಿಟ್ಟರೆ, ಜನನವೇ ಸಾಕಾಗಿತ್ತು. ಆ ದಿನದಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಪೌರತ್ವವೂ ಮತದಾನವೂ ಒಂದೇ ಅಲ್ಲ ಎಂಬ ವಿವರಣೆಯೂ ಸ್ಪಷ್ಟವಾಗಿದೆ. ಮಹಿಳೆಯರು ಪೌರರೇ ಹೌದು, ಆದರೆ ಪೌರತ್ವದಿಂದಲೇ ಮತದ ಹಕ್ಕು ಬಾರದು ಎಂದು 1875ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು; ಲಿಂಗದ ಕಾರಣಕ್ಕೆ ಮತ ನಿರಾಕರಿಸುವುದನ್ನು ನಿಷೇಧಿಸುವ ತಿದ್ದುಪಡಿ ಬಂದದ್ದು 1920ರಲ್ಲಿ. ನ್ಯೂಜಿಲೆಂಡಿನಲ್ಲಾದರೋ ಕಾಯಂ ನಿವಾಸದ ಪರವಾನಗಿ ಇರುವವರು ಪೌರರಾಗದೆಯೂ ಮತ ಹಾಕಬಹುದು.

ತಪ್ಪು ಇರುವುದು ಹತ್ತನೆಯ ಪಾಠದಲ್ಲಿ. ಭಾರತದ ಉದಾಹರಣೆಯನ್ನೇ ಮುಂದುವರಿಸುತ್ತ, ಮೂಲಭೂತ ಹಕ್ಕುಗಳು ಪೌರರಿಗೆ ಮಾತ್ರ ಸಲ್ಲುತ್ತವೆ ಎಂದು ಅಧ್ಯಾಪಕರು ಹೇಳುತ್ತಾರೆ. ಕಿರುಪರೀಕ್ಷೆಯೂ ಅದನ್ನೇ ಸರಿಯುತ್ತರವೆಂದು ಎಣಿಸುತ್ತದೆ. 15, 16, 19, 29, 30ನೇ ವಿಧಿಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಕಾನೂನಿನ ಮುಂದೆ ಸಮಾನತೆಯನ್ನು ನೀಡುವ 14ನೇ ವಿಧಿ, ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾಯುವ 21ನೇ ವಿಧಿ ಬಳಸುವ ಪದ ‘ವ್ಯಕ್ತಿ’. ಅಲ್ಲಿ ಪೌರತ್ವದ ಷರತ್ತಿಲ್ಲ. ಇದು ಅಂಕ ಕಳೆಯುವಂಥ ಸಣ್ಣ ಲೋಪವಲ್ಲ. ಯಾರ ಪೌರತ್ವದ ಬಗ್ಗೆಯೇ ಸಂದೇಹ ಎದ್ದಿದೆಯೋ ಅವರಿಗೆ ನ್ಯಾಯಯುತ ವಿಚಾರಣೆ ಎಲ್ಲರಿಗಿಂತ ಮೊದಲು ಬೇಕಾಗುತ್ತದೆ. ಪೌರತ್ವ ಸಾಬೀತಾದ ಮೇಲಷ್ಟೇ ಹಕ್ಕು ಎಂದಾದರೆ, ಅಧಿಕಾರಿಯ ಸಂದೇಹವೊಂದೇ ಮನುಷ್ಯನನ್ನು ಕಾನೂನಿನ ಆಚೆಗೆ ತಳ್ಳಲು ಸಾಕಾದೀತು. ಮೊದಲ ಎಂಟು ಪಾಠಗಳಲ್ಲಿ ಕಟ್ಟಿದ ವಾದವನ್ನು ಹತ್ತನೆಯ ಪಾಠ ತನ್ನ ಕೈಯಾರೆ ಕೆಡವಿದಂತಾಗಿದೆ.

ಪದಗಳ ಬಳಕೆಯಲ್ಲೂ ಇನ್ನಷ್ಟು ಎಚ್ಚರ ಬೇಕಿತ್ತು. ‘ಪ್ರಜೆ’, ‘ನಾಗರಿಕ’, ‘ಪೌರ’ ಮೂರನ್ನೂ ಒಂದೇ ಅರ್ಥದಲ್ಲಿ ಬೆರೆಸಲಾಗಿದೆ. ರಾಜನ ಎದುರು ನಿಂತ ಪ್ರಜೆ ರಕ್ಷಣೆಯನ್ನು ಬೇಡುವವನು. ಸಂವಿಧಾನದ ಪೌರ ಅದನ್ನು ಹಕ್ಕಾಗಿ ಕೇಳುವವನು. ಈ ವ್ಯತ್ಯಾಸಕ್ಕೆ ಐದು ನಿಮಿಷವಾದರೂ ಮೀಸಲಿಡಬಹುದಿತ್ತು. ಯಾವ ದೇಶದ ಪೌರತ್ವವೂ ಇಲ್ಲದವರ ವಿಚಾರ ಎರಡೇ ವಾಕ್ಯಗಳಲ್ಲಿ ಮುಗಿದಿರುವುದು ನನಗೆ ನೋವು ತಂದಿತು. ರಾಷ್ಟ್ರೀಯತೆ ಪ್ರತಿಯೊಬ್ಬರ ಹಕ್ಕು ಎಂದ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 15ನೇ ವಿಧಿಯಾಗಲಿ, ಪೌರತ್ವವಿಲ್ಲದವರ ಕುರಿತ 1954 ಮತ್ತು 1961ರ ಅಂತರರಾಷ್ಟ್ರೀಯ ಒಪ್ಪಂದಗಳಾಗಲಿ ಪ್ರಸ್ತಾಪಕ್ಕೇ ಬಂದಿಲ್ಲ.

ತಪ್ಪಿನ ಬಗ್ಗೆ ಕೋರ್ಸ್ ನಡೆಸುವವರಿಗೆ ವಿಧಿಗಳ ಪಠ್ಯಸಹಿತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅದು ತಿದ್ದುಪಡಿಯಾಗುವವರೆಗೆ, ಈ ಕೋರ್ಸ್ ತೆಗೆದುಕೊಳ್ಳುವವರು ಮೊದಲ ಎಂಟು ಪಾಠಗಳನ್ನು ನಿಶ್ಚಿಂತೆಯಿಂದ ಕಲಿಯಬಹುದು; ಹತ್ತನೆಯದಕ್ಕೆ ಬಂದಾಗ ಮಾತ್ರ 14, 19 ಮತ್ತು 21ನೇ ವಿಧಿಗಳ ಮೂಲಪಠ್ಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೇಳಬೇಕು.