ಪಾಲಿಹೌಸ್ ಹೊದಿಕೆ ಬದಲಿಸುವವರೇ, ಹಾಳೆಯ ಅಂಚಿನ ಅಕ್ಷರ ಮೊದಲು ಓದಿ

ನನ್ನ ಪಾಲಿಹೌಸಿಗೆ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆಗೆ, ಹೊಸ ಹೊದಿಕೆ ಹಾಕಿಸಿ ಒಂದು ಬೆಳೆಯೂ ಮುಗಿದಿಲ್ಲ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಹಳೆಯ ಹಾಳೆ ನಾಲ್ಕು ವರ್ಷ ಬಾಳಿ ಮಂಕಾಗಿತ್ತು. 200 ಮೈಕ್ರಾನ್ ದಪ್ಪದ, ಒಳಗೆ ಹನಿ ತೊಟ್ಟಿಕ್ಕದ ಹಾಳೆ ತರುತ್ತೇನೆ ಎಂದ ಗುತ್ತಿಗೆದಾರ. ತಂದ ಹಾಳೆ ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ. ಆದರೆ ಗಾಳಿಯಿಲ್ಲದ ಬೆಳಗಿನ ಹೊತ್ತು ಬಿಟ್ಟು ಮಟಮಟ ಮಧ್ಯಾಹ್ನ ಬಂದ. ಅವಸರದಲ್ಲಿ ಎಳೆದು, ಹಾಳೆ ಬಿಗಿಹಿಡಿಯುವ ಸ್ಪ್ರಿಂಗ್ ಸಿಕ್ಕಿಸಿ, ಸಂಜೆಗೆ ಪೂರ್ತಿ ಹಣ ಎಣಿಸಿಕೊಂಡು ಹೋದ.

ಬೆಳಗಿನ ಚಳಿ ಶುರುವಾದದ್ದೇ ತಡ, ಒಳಗೆ ಕಾಲಿಟ್ಟರೆ ಮಳೆ. ಹಾಳೆಗೆ ಅಂಟಿ ಜಾರಿಹೋಗಬೇಕಾದ ನೀರು ಹನಿಹನಿಯಾಗಿ ಟೊಮೆಟೊ ಹೂಗಳ ಮೇಲೆ ಬೀಳುತ್ತಿತ್ತು. ವಾರದಲ್ಲಿ ಗೊಂಚಲುಗಳಿಗೆ ಬೂದು ಬೂಷ್ಟು.

ಫೋನ್ ಮಾಡಿದೆ. "ಹೊಸ ಹಾಳೆ ಸರ್, ಸ್ವಲ್ಪ ದಿನ ಹಾಗೆಯೇ." ನಂಬಿದೆ. ಮತ್ತೆ ಮಾಡಿದೆ. "ನೀವು ಬದಿಯ ಪರದೆ ಎತ್ತುವುದಿಲ್ಲ, ನೀರು ಜಾಸ್ತಿ ಬಿಡುತ್ತೀರಿ." ಅದನ್ನೂ ನಂಬಿದೆ! ಪರದೆ ಎತ್ತಿದೆ, ನೀರು ಕಡಿಮೆ ಮಾಡಿದೆ, ತಪ್ಪು ನನ್ನದೇ ಎಂದುಕೊಂಡೆ.

ಒಂದು ದಿನ ಗಟರ್‌ನಲ್ಲಿ ಕಟ್ಟಿದ್ದ ಎಲೆ ತೆಗೆಯಲು ಏಣಿ ಹತ್ತಿದೆ. ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರಗಳು: ಈ ಬದಿ ಒಳಗೆ. ನಾನು ಹೊರಗೆ, ಆಕಾಶದಡಿ ನಿಂತು ಅದನ್ನು ನೆಟ್ಟಗೆ ಓದುತ್ತಿದ್ದೇನೆ. ಇಳಿದು ಒಳಗೆ ಹೋಗಿ ನೋಡಿದರೆ ಅದೇ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಇಷ್ಟು ದಿನವೂ ನನ್ನ ತಲೆಯ ಮೇಲೆಯೇ ಇದ್ದವು.

"ಎರಡೂ ಬದಿ ಒಂದೇ ಸರ್, ಅದು ಕಂಪನಿಯವರ ಅಚ್ಚು ಅಷ್ಟೆ" ಎಂದ. ಉಳಿದ ಚೂರಿನಲ್ಲಿ ಎರಡು ತುಂಡು ಕತ್ತರಿಸಿ, ಬಿಸಿನೀರಿನ ಎರಡು ಪಾತ್ರೆಗಳ ಬಾಯಿಗೆ ಕಟ್ಟಿದೆ. ಒಂದರಲ್ಲಿ ಅಚ್ಚಿನ ಬದಿ ಕೆಳಗೆ, ಇನ್ನೊಂದರಲ್ಲಿ ಮೇಲೆ. ಮೊದಲನೆಯದು ತಿಳಿಯಾಗಿಯೇ ಉಳಿಯಿತು, ಎರಡನೆಯದರ ತುಂಬ ಹನಿಗಳು. ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಹಾಕುವಾಗ ನೀವೂ ಅಲ್ಲೇ ಇದ್ದಿರಲ್ಲ, ನೋಡಬಾರದಿತ್ತೇ?"

ಇದ್ದೆ. ಅವನ ಹುಡುಗರಿಗೆ ಏಣಿ ಹಿಡಿದುಕೊಂಡು ನಿಂತಿದ್ದೆ. ಆ ಮಾತು ಇನ್ನೂ ಚುಚ್ಚುತ್ತಿದೆ. ತಿರುಗಿಸಿ ಹಾಕು ಎಂದರೆ "ಮತ್ತೆ ಕೂಲಿ ಆಗುತ್ತದೆ" ಎನ್ನುತ್ತಾನೆ. ತಪ್ಪು ಅವನದು, ಕೂಲಿ ನನ್ನದು!

ಸುರುಳಿ ಬಿಚ್ಚುವಾಗ ಅಚ್ಚು ಓದಿ, ಒಂದು ಚೂರು ಎತ್ತಿಟ್ಟುಕೊಳ್ಳಿ. ಒಂದು ತಣ್ಣನೆಯ ಬೆಳಗ್ಗೆ ಒಳಗೆ ನಿಂತು ತಲೆಯೆತ್ತಿ ನೋಡುವವರೆಗೆ ಕೊನೆಯ ಕಂತು ಕೊಡಬೇಡಿ. ಎಷ್ಟೇ ನಯವಾಗಿ ಕೇಳಿದರೂ ಕೊಡಬೇಡಿ.